ಕೀಲು ಬದಲಾದ ಮೇಲೆ ಕಲಿಸುವವರಾರು?

ಮೊಣಕಾಲಿನ ಕೀಲು ಸವೆದು ನಡೆಯಲಾರದೆ ಹೋದವರಿಗೆ ಶಸ್ತ್ರಕ್ರಿಯೆಯಿಂದ ಹೊಸ ಕೀಲನ್ನು ಕೂಡಿಸುವ ವಿದ್ಯೆಯು ನಮ್ಮ ಶಿವಮೊಗ್ಗ ನಗರಕ್ಕೂ ಬಂದು ನೆಲೆಸಿರುವುದು ಸಂತೋಷದ ಸಂಗತಿ. ಹಿಂದೆ ಇಂತಹ ಚಿಕಿತ್ಸೆ ಬೇಕಾದವರು ಬೆಂಗಳೂರಿಗೆ ರೈಲು ಹತ್ತಬೇಕಾಗಿತ್ತು. ಇಲ್ಲವೆ ಘಟ್ಟವಿಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕಾಗಿತ್ತು. ಈಗ ನಗರದ ಖಾಸಗಿ ಆಸ್ಪತ್ರೆಗಳಲ್ಲಿಯೂ, ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿಯೂ ಕೀಲುಗಳ ಶಸ್ತ್ರಕ್ರಿಯೆ ನಡೆಯುತ್ತಿದೆ. ಶಸ್ತ್ರವೈದ್ಯರ ಕೈಚಳಕದ ವಿಷಯದಲ್ಲಿ ನಮಗೆ ಯಾವ ದೂರೂ ಇಲ್ಲ. ಆದರೆ ರೋಗಿಯು ಆಸ್ಪತ್ರೆಯ ಮಂಚದ ಮೇಲಿರುವುದು ಕೆಲವೇ ದಿನಗಳು. ಅನಂತರ ಆತನು ಮನೆಯಲ್ಲಿ ಕಳೆಯಬೇಕಾದುದು ಎರಡು ಮೂರು ತಿಂಗಳುಗಳು. ಹೊಸ ಕೀಲು ಮಡಿಚುವುದೋ ಮಡಿಚದೋ, ಕಾಲು ನೆಟ್ಟಗಾಗುವುದೋ ಆಗದೋ ಎಂಬುದು ಬಹುಮಟ್ಟಿಗೆ ಈ ತಿಂಗಳುಗಳಲ್ಲಿ ನಿಶ್ಚಯವಾಗುತ್ತದೆ. ಆ ಅವಧಿಯಲ್ಲಿ ರೋಗಿಗೂ ಆತನ ಮನೆಯವರಿಗೂ ಕಲಿಸುವವರು ಯಾರು ಎಂಬ ಪ್ರಶ್ನೆಯನ್ನು ಅಧಿಕಾರಿವರ್ಗದವರ ಮುಂದೆಯೂ ವೈದ್ಯಮಹಾಶಯರ ಮುಂದೆಯೂ ಇಡಬೇಕೆಂದು ನಾವು ಈ ದಿನ ಲೇಖನಿಯನ್ನು ಹಿಡಿದಿದ್ದೇವೆ.

ಈ ಶಸ್ತ್ರಕ್ರಿಯೆಯು ಏನೆಂಬುದನ್ನು ಮೊದಲು ಎರಡು ಮಾತುಗಳಲ್ಲಿ ಹೇಳುವುದು ಯುಕ್ತ. ಜನರು ಇದನ್ನು ‘ಮಂಡಿ ಚಿಪ್ಪು ಬದಲಾವಣೆ’ ಎಂದು ಕರೆಯುತ್ತಾರೆ. ವಾಸ್ತವದಲ್ಲಿ ಚಿಪ್ಪನ್ನು ಸಾಮಾನ್ಯವಾಗಿ ಅದು ಇದ್ದಲ್ಲಿಯೇ ಬಿಡುತ್ತಾರೆ. ಕೆಲವರಲ್ಲಿ ಅದರ ಒಳಮೈಗೆ ಮಾತ್ರ ಒಂದು ಬಿಲ್ಲೆಯನ್ನು ಕೂಡಿಸುವುದುಂಟು. ಬದಲಾಗುವುದು ತೊಡೆಯ ಮೂಳೆಯ ಕೆಳತುದಿ ಮತ್ತು ಮುಂಗಾಲಿನ ಮೂಳೆಯ ಮೇಲ್ತುದಿ. ಸವೆದ ಮೈಯನ್ನು ಕೆಲವು ಮಿಲಿಮೀಟರುಗಳಷ್ಟು ಕತ್ತರಿಸಿ, ತೊಡೆಮೂಳೆಗೆ ಲೋಹದ ಟೊಪ್ಪಿಗೆಯನ್ನೂ ಮುಂಗಾಲಿನ ಮೂಳೆಗೆ ಲೋಹದ ತಟ್ಟೆಯನ್ನೂ ತೊಡಿಸಿ, ನಡುವೆ ನುಣುಪಾದ ಪಾಲಿಥೀನಿನ ಹಾಸನ್ನು ಇಡುತ್ತಾರೆ. ಸೊಂಟದ ಕೀಲಿಗೆ ಈ ಬಗೆಯ ಚಿಕಿತ್ಸೆಯನ್ನು ನೆಲೆಗೊಳಿಸಿದವನು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ. ಅದು ೧೯೬೨ರ ಮಾತು. ಮಂಡಿಯ ಕೀಲು ಸ್ವಲ್ಪ ತಡವಾಗಿ, ೧೯೭೦ರ ದಶಕದಲ್ಲಿ, ಈಗಿನ ರೂಪಕ್ಕೆ ಬಂದಿತು. ಇಂತಹ ಕೀಲುಗಳು ಎಷ್ಟು ಕಾಲ ಬಾಳುವುವೆಂದು ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ ೨೦೧೯ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೆಕ್ಕ ಪ್ರಕಟವಾಯಿತು. ಪೂರ್ತಿ ಮಂಡಿ ಬದಲಾವಣೆಗಳ ಪೈಕಿ ನೂರಕ್ಕೆ ೮೨ರಷ್ಟು, ಸೊಂಟದ ಕೀಲುಗಳ ಪೈಕಿ ನೂರಕ್ಕೆ ೫೮ರಷ್ಟು, ಇಪ್ಪತ್ತೈದು ವರ್ಷ ನಿಲ್ಲುವುವೆಂದು ಅದರಿಂದ ತಿಳಿದುಬರುತ್ತದೆ. ಅರುವತ್ತೈದರ ವಯಸ್ಸಿನವರಿಗೆ ಇದಕ್ಕಿಂತ ಹೆಚ್ಚಿನ ಭರವಸೆ ಬೇಕಿಲ್ಲ. ಆದರೆ ಲೋಹವು ಬಾಳಿತೆಂದ ಮಾತ್ರಕ್ಕೆ ಕಾಲು ನಡೆಯಿತೆಂದು ಹೇಳಲಾಗದು. ಕೀಲನ್ನು ಆಡಿಸುವುದು ತೊಡೆಯ ಸ್ನಾಯು. ಬಹುಕಾಲದ ನೋವಿನಿಂದ ಸೊರಗಿದ ಆ ಸ್ನಾಯುವಿಗೆ ಶಸ್ತ್ರವೈದ್ಯನು ಬಲವನ್ನು ಹೊಲಿದುಕೊಡಲಾರನು. ಅದನ್ನು ರೋಗಿಯೇ ದಿನಕ್ಕೆ ಮೂರು ನಾಲ್ಕು ಸಲ ವ್ಯಾಯಾಮಮಾಡಿ ಸಂಪಾದಿಸಬೇಕು.

ನಮ್ಮ ಸೀಮೆಯಲ್ಲಿ ಮಂಡಿನೋವು ಯಾರನ್ನು ಹೆಚ್ಚಾಗಿ ಕಾಡುತ್ತದೆಂಬುದನ್ನು ವಾಚಕರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅಡಿಕೆಯ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿ ಬಹುಹೊತ್ತಿನವರೆಗೆ ಕುಳಿತು ಸುಲಿಯುವ ಹೆಂಗಸರು, ಕೆಸರುಗದ್ದೆಯಲ್ಲಿ ಬಾಗಿ ನಾಟಿಮಾಡಿದವರು, ನೆಲದ ಮೇಲೆ ಒಲೆ ಹೂಡಿ ನಲವತ್ತು ವರ್ಷ ಅಡಿಗೆಮಾಡಿದ ತಾಯಂದಿರು: ಇವರ ಮಂಡಿಗಳು ಸವೆಯುವುದರಲ್ಲಿ ಆಶ್ಚರ್ಯವೇನು? ಕುಕ್ಕರುಗಾಲಿನಲ್ಲಿ ಬಹುಹೊತ್ತು ಕೂರುವ ಕೆಲಸವು ವಯಸ್ಸು, ಮೈತೂಕ ಮತ್ತು ವಂಶಗುಣಗಳೊಡನೆ ಸೇರಿ ಮಂಡಿಯನ್ನು ಕೆಡಿಸುತ್ತದೆಂದು ವೈದ್ಯಶಾಸ್ತ್ರವೂ ಹೇಳುತ್ತದೆ. ಭದ್ರಾವತಿಯ ಸಂಗತಿಯು ಇನ್ನೊಂದು ಬಗೆಯದು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸ್ಥಾಪಿತವಾಗಿ ೧೯೨೩ರಲ್ಲಿ ಉತ್ಪಾದನೆಗೆ ತೊಡಗಿದ ಕಬ್ಬಿಣದ ಕಾರ್ಖಾನೆಯಲ್ಲಿಯೂ, ೧೯೩೬ರಲ್ಲಿ ಹುಟ್ಟಿದ ಮೈಸೂರು ಕಾಗದದ ಕಾರ್ಖಾನೆಯಲ್ಲಿಯೂ ದುಡಿದು ನಿವೃತ್ತರಾದ ಕುಟುಂಬಗಳ ಊರು ಅದು. ಕುಲುಮೆಯ ಮುಂದೆಯೂ ಯಂತ್ರದ ಮುಂದೆಯೂ ಪಾಳಿ ಪಾಳಿಯಾಗಿ ನಿಂತು ಕೆಲಸಮಾಡಿದ ಕಾಲುಗಳು ಅಲ್ಲಿ ಮುಪ್ಪಾಗಿವೆ. ಮಕ್ಕಳು ಉದ್ಯೋಗವನ್ನರಸಿ ಬೆಂಗಳೂರು ಸೇರಿದ್ದಾರೆ. ಶಿವಮೊಗ್ಗಕ್ಕೂ ಭದ್ರಾವತಿಗೂ ಇರುವ ದೂರ ಇಪ್ಪತ್ತು ಕಿಲೋಮೀಟರಿನೊಳಗೆ ಎಂಬುದು ನಿಜ. ಆದರೆ ಊರುಗೋಲು ಹಿಡಿದ ಎಪ್ಪತ್ತರ ಮುದುಕಿಯೊಬ್ಬಳು ಹದಿನೈದು ನಿಮಿಷದ ವ್ಯಾಯಾಮಪಾಠಕ್ಕಾಗಿ ವಾರಕ್ಕೆರಡು ಸಲ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯಬೇಕೆಂದರೆ, ಆ ಇಪ್ಪತ್ತು ಕಿಲೋಮೀಟರು ಇನ್ನೂರಕ್ಕೆ ಸಮ.

ಈ ಪ್ರಸ್ತಾಪದಲ್ಲಿ ಹಂದಿಗೋಡಿನ ಹೆಸರನ್ನು ಎತ್ತದೆ ಮುಂದಕ್ಕೆ ಹೋಗುವುದು ನ್ಯಾಯವಲ್ಲ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ೧೯೭೦ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದು, ಆ ಊರಿನ ಹೆಸರಿನಿಂದಲೇ ವೈದ್ಯಗ್ರಂಥಗಳನ್ನು ಸೇರಿದ ಕಾಯಿಲೆಯು ಮುಖ್ಯವಾಗಿ ಸೊಂಟದ ಕೀಲುಗಳನ್ನು ಹಿಡಿಯುತ್ತದೆ. ನರಳಿದವರು ಬಹುತೇಕ ಕೂಲಿಮಾಡಿ ಬದುಕುವ ದಲಿತ ಕುಟುಂಬಗಳವರು. ಗದ್ದೆಗೆ ಹಾಕಿದ ಕೀಟನಾಶಕವನ್ನು ಸೇವಿಸಿದ ಏಡಿಗಳನ್ನು ತಿಂದುದೇ ಕಾರಣವಿರಬಹುದೆಂದು ಮೊದಮೊದಲು ಊಹಿಸಿದರು. ಮುಂದೆ ನಡೆದ ಸಂಶೋಧನೆಗಳು ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ದೋಷವೆಂಬ ಕಡೆಗೆ ಬೆರಳು ತೋರಿದವು. ಇದಕ್ಕೆ ಬೇರನ್ನು ಕೀಳುವಂತಹ ಔಷಧವಿಲ್ಲ. ನೋವು ಶಮನ, ವ್ಯಾಯಾಮ, ಯೋಗ್ಯರಾದವರಿಗೆ ಶಸ್ತ್ರಕ್ರಿಯೆ, ಇಷ್ಟೇ ದಾರಿ. ಆದುದರಿಂದ ಕೀಲಿನ ರೋಗಿಗೆ ತಿಳುವಳಿಕೆ ಕೊಡುವ ಕೆಲಸವು ಉಳ್ಳವರ ಮನೆಯ ಹಿರಿಯರಿಗಾಗಿ ಮಾತ್ರ ಮಾಡುವ ಉಪಚಾರವೆಂದು ಯಾರೂ ತಿಳಿಯಬಾರದು. ನಮ್ಮ ಜಿಲ್ಲೆಗೆ ಅದು ಬೇರೆ ಜಿಲ್ಲೆಗಳಿಗಿಂತ ಒಂದು ಕೈ ಹೆಚ್ಚಾಗಿಯೇ ಬೇಕು.

ಹಣದ ತೊಡಕು ಪೂರ್ತಿಯಾಗಿ ಕಳೆಯದಿದ್ದರೂ ಸಡಿಲವಾಗಿದೆ. ರಾಷ್ಟ್ರೀಯ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವು ೨೦೧೭ರ ಆಗಸ್ಟ್ ೧೬ರಂದು ಮಂಡಿಯ ಕೃತಕ ಕೀಲುಗಳಿಗೆ ಮೇಲುಬೆಲೆಯನ್ನು ಗೊತ್ತುಮಾಡಿತು. ಒಂದೂವರೆ ಲಕ್ಷ ರೂಪಾಯಿಗೂ ಮೇಲಕ್ಕೆ ಮಾರಾಟವಾಗುತ್ತಿದ್ದ, ಬಹುಜನರು ಬಳಸುವ ಕೋಬಾಲ್ಟ್–ಕ್ರೋಮಿಯಂ ಕೀಲಿನ ಬೆಲೆಯನ್ನು ಅಂದು ತೆರಿಗೆಯ ಹೊರತು ೫೪,೭೨೦ ರೂಪಾಯಿಗೆ ಇಳಿಸಲಾಯಿತು. ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಆಸರೆಯನ್ನು ಒದಗಿಸಿತು. ಹೀಗೆ ಶಸ್ತ್ರಕ್ರಿಯೆಯ ಬಾಗಿಲು ಮೊದಲಿಗಿಂತ ಅಗಲವಾಗಿ ತೆರೆದಿದೆ. ಒಳಗೆ ಹೋಗಿ ಹೊರಗೆ ಬಂದವರ ಗತಿಯನ್ನು ವಿಚಾರಿಸುವುದೇ ಈಗ ಉಳಿದ ಕೆಲಸ.

ರೋಗಿಯು ಮನೆಗೆ ಬಂದ ದಿನ ಏನಾಗುತ್ತದೆ? ನೆಂಟರಿಷ್ಟರು ಸೇರುತ್ತಾರೆ, ಒಬ್ಬೊಬ್ಬರು ಒಂದೊಂದು ಶಾಸ್ತ್ರ ಹೇಳುತ್ತಾರೆ. ದೊಡ್ಡ ಆಪರೇಷನ್ ಆದವರು ಬಾಣಂತಿಯಂತೆ ಮಲಗಿರಬೇಕೆಂದು ಒಬ್ಬರ ಮತ. ವೈದ್ಯರ ಮತವು ಇದಕ್ಕೆ ತೀರ ವಿರುದ್ಧವಾದುದು: ಶಸ್ತ್ರಕ್ರಿಯೆಯಾದ ದಿನವೇ ಅಥವಾ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ, ಮನೆಯಲ್ಲಿಯೂ ಗಂಟೆಗೊಮ್ಮೆ ನಾಲ್ಕು ಹೆಜ್ಜೆ ಹಾಕಿಸಬೇಕೆನ್ನುತ್ತಾರೆ. ನೋಯುವ ಕಾಲಿಗೆ ಹಿತವಾಗಲೆಂದು ಸೊಸೆಯೋ ಮಗಳೋ ಪ್ರೀತಿಯಿಂದ ಮಂಡಿಯ ಕೆಳಗೆ ತಲೆದಿಂಬನ್ನು ಇಡುತ್ತಾಳೆ. ಆ ಕ್ಷಣಕ್ಕೆ ಹಿತವಾಗುವುದು ನಿಜ. ಆದರೆ ಹಗಲಿರುಳು ಹಾಗೆ ಮಡಿಚಿಟ್ಟ ಕಾಲು ಕೊಂಕಾಗಿಯೇ ಒಗ್ಗಿಹೋಗಿ, ಮುಂದೆ ನೆಟ್ಟಗೆ ಚಾಚಲು ಬಾರದಾಗುತ್ತದೆ. ಕಾಲನ್ನು ಎತ್ತರಿಸಬೇಕಾದರೆ ದಿಂಬನ್ನು ಹಿಮ್ಮಡಿಯ ಕೆಳಗೆ ಇಡತಕ್ಕದ್ದು, ಮಂಡಿಯ ಕೆಳಗಲ್ಲ. ಇಷ್ಟು ಚಿಕ್ಕ ಮಾತನ್ನು ಯಾರೂ ಹೇಳದಿದ್ದುದರಿಂದ ಕಾಲು ಕೊಂಕಾಗಿ ಉಳಿಯುವುದೆಂದರೆ ಅದೆಷ್ಟು ದೊಡ್ಡ ನಷ್ಟ!

ಇನ್ನೊಬ್ಬರು ಬೆಚ್ಚಗಿನ ಎಣ್ಣೆಯನ್ನು ಮೀನಖಂಡಕ್ಕೆ ಹಾಕಿ ನೀವುತ್ತಾರೆ. ಕೀಲಿನ ಶಸ್ತ್ರಕ್ರಿಯೆಯ ಅನಂತರದ ಕೆಲವು ವಾರಗಳಲ್ಲಿ ಕಾಲಿನ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ಮೀನಖಂಡ ಊದಿ ನೋಯುತ್ತಿರುವಾಗ ಅದನ್ನು ತಿಕ್ಕುವುದು ಆ ಹೆಪ್ಪನ್ನು ಕದಲಿಸಿ ಶ್ವಾಸಕೋಶಕ್ಕೆ ಕಳಿಸುವಷ್ಟು ಅಪಾಯಕರ. ಮೀನಖಂಡದ ಊತವೂ ನೋವೂ ಹೆಚ್ಚುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಎದೆನೋವು ಅಥವಾ ಏದುಸಿರು ಕಂಡರೆ ಆ ಗಳಿಗೆಯಲ್ಲೇ ವಾಹನ ಕರೆಯಬೇಕು. ಮೂರನೆಯವರು ‘ನಂಜಾಗುತ್ತದೆ’ ಎಂದು ಬದನೆಕಾಯಿ, ಮೀನು, ಮೊಟ್ಟೆ, ಕಾಳುಗಳನ್ನೆಲ್ಲ ನಿಲ್ಲಿಸಿ ಗಂಜಿ ಮತ್ತು ಸಾರಿನ ಪಥ್ಯ ಹಿಡಿಸುತ್ತಾರೆ. ಗಾಯ ಕೂಡಲು ಬೇಕಾದ ಸತ್ತ್ವವೇ ಹೀಗೆ ತಟ್ಟೆಯಿಂದ ಹೊರಗಾಗುತ್ತದೆ. ಹೊಲಿಗೆಯ ಮೇಲೆ ಅರಿಸಿನವನ್ನೋ ಎಲೆಯ ರಸವನ್ನೋ ಹಚ್ಚುವವರೂ ಇಲ್ಲದಿಲ್ಲ. ಹೊಸ ಕೀಲಿನೊಳಗೆ ಸೋಂಕು ಸೇರಿದರೆ ಅದನ್ನು ತೆಗೆಯಲು ಮತ್ತೆ ಕಾಲನ್ನು ಕೊಯ್ಯಬೇಕಾದೀತು ಎಂಬುದನ್ನು ಅವರು ಅರಿಯರು. ಇವರಾರೂ ಕೆಟ್ಟವರಲ್ಲ. ತಮಗೆ ತಿಳಿದಷ್ಟನ್ನು ಅಕ್ಕರೆಯಿಂದ ಮಾಡುತ್ತಾರೆ. ಅವರಿಗೆ ಬೇರೆಯದನ್ನು ತಿಳಿಸುವ ಹೊಣೆ ಯಾರದಾಗಿತ್ತೋ ಅವರನ್ನೇ ನಾವು ಕೇಳಬೇಕಾಗಿದೆ.

ಇದಕ್ಕೆ ಎದುರಾಗಿ, ಸುಮ್ಮನೆ ಹೆದರುವ ಪ್ರಸಂಗಗಳೂ ಉಂಟು. ಗಾಯದ ಹೊರಮಗ್ಗುಲಿನ ಚರ್ಮ ಜೋಮುಗಟ್ಟಿದಂತೆ ಇರುವುದು, ನಡೆಯುವಾಗ ಕೀಲಿನಲ್ಲಿ ‘ಟಕ್’ ಎಂಬ ಸದ್ದಾಗುವುದು, ಮಂಡಿಯು ಕೆಲವು ತಿಂಗಳು ಬೆಚ್ಚಗಿದ್ದು ಸಂಜೆಯ ಹೊತ್ತಿಗೆ ಊದಿಕೊಳ್ಳುವುದು, ಇವು ಸಾಮಾನ್ಯ. ಇದನ್ನರಿಯದ ರೋಗಿಯು ಕೀಲು ಕಳಚಿತೆಂದು ಬಗೆದು ನಡುರಾತ್ರಿಯಲ್ಲಿ ಬಾಡಿಗೆ ಕಾರು ಮಾಡಿಕೊಂಡು ಆಸ್ಪತ್ರೆಗೆ ಓಡುತ್ತಾನೆ. ಮಾರನೆಯ ದಿನದಿಂದ ನೋವಿಗೂ ಸದ್ದಿಗೂ ಅಂಜಿ ವ್ಯಾಯಾಮವನ್ನೇ ಬಿಡುತ್ತಾನೆ. ಕುರ್ಚಿಯಿಂದ ಸರಾಗವಾಗಿ ಏಳಬೇಕಾದರೆ ಮಂಡಿಯು ತೊಂಬತ್ತು ಡಿಗ್ರಿಗೂ ಸ್ವಲ್ಪ ಹೆಚ್ಚಾಗಿ ಮಡಿಚಬೇಕು. ಆರರಿಂದ ಹನ್ನೆರಡು ವಾರಗಳೊಳಗೆ ಅಷ್ಟು ಬರದೆ ಬಿಗಿದುಕೊಂಡರೆ, ಮತ್ತೊಮ್ಮೆ ಅರಿವಳಿಕೆ ಕೊಟ್ಟು ವೈದ್ಯನು ಕಾಲನ್ನು ಬಲವಂತದಿಂದ ಮಡಿಚಬೇಕಾಗಿ ಬರುವುದುಂಟು. ರೋಗಿಗೆ ಅದು ಎರಡನೆಯ ಶಿಕ್ಷೆ, ಬೊಕ್ಕಸಕ್ಕೆ ಎರಡನೆಯ ಖರ್ಚು.

ಹೀಗಿರುವಲ್ಲಿ ರೋಗಿಯ ಕೈಗೆ ಬರುವ ತಿಳುವಳಿಕೆಯೆಂತಹುದು? ನಮ್ಮ ಕಣ್ಣಿಗೆ ಬಿದ್ದ ಒಂದು ಬಿಡುಗಡೆ ಚೀಟಿಯ ವಿಷಯವನ್ನು ಹೇಳುತ್ತೇವೆ. ಅದು ಯಾವ ಆಸ್ಪತ್ರೆಯದೆಂಬುದು ಇಲ್ಲಿ ಮುಖ್ಯವಲ್ಲ. ಎರಡು ಪುಟ ಪೂರ್ತಿಯಾಗಿ ಇಂಗ್ಲಿಷಿನಲ್ಲಿತ್ತು. ರಕ್ತಪರೀಕ್ಷೆಯ ಅಂಕಿಗಳೂ, ಕೀಲಿನ ಅಳತೆಯೂ, ಔಷಧಗಳ ಹೆಸರುಗಳೂ ಇದ್ದು, ಕೊನೆಯ ಸಾಲಿನಲ್ಲಿ ಹೇಳಿಕೊಟ್ಟಂತೆ ವ್ಯಾಯಾಮ ಮಾಡತಕ್ಕದ್ದೆಂಬ ಅರ್ಥದ ಮಾತಿತ್ತು. ಹೇಳಿಕೊಟ್ಟವರು ಯಾರು, ಯಾವಾಗ, ಎಷ್ಟು ಹೊತ್ತು? ಅರಿವಳಿಕೆಯ ಮಂಪರು ಇಳಿಯದ, ನೋವಿನಿಂದ ಮುಖ ಕಿವಿಚಿದ ರೋಗಿಗೆ ಎರಡನೆಯ ದಿನ ಮಂಚದ ಬಳಿ ಹತ್ತು ನಿಮಿಷ ಹೇಳಿದ ಪಾಠವು ಇಪ್ಪತ್ತನೆಯ ದಿನ ನೆನಪಿನಲ್ಲಿರಬೇಕೆಂದು ಅಪೇಕ್ಷಿಸುವುದು ಹೇಗೆ? ೧೯೬೩ರ ರಾಜಭಾಷಾ ಅಧಿನಿಯಮವು ಜಾರಿಗೆ ಬಂದು ಅರುವತ್ತು ವರ್ಷಗಳು ಮೀರಿದ ಈ ರಾಜ್ಯದಲ್ಲಿ, ಕಂದಾಯದ ನೋಟೀಸು ಕನ್ನಡದಲ್ಲಿ ಬರುತ್ತದೆ, ಕಾಲಿನ ಲೆಕ್ಕ ಮಾತ್ರ ಕನ್ನಡದಲ್ಲಿ ಬಾರದು! ವೈದ್ಯರಿಗೂ ವಿಮಾಧಿಕಾರಿಗಳಿಗೂ ಇಂಗ್ಲಿಷಿನ ಚೀಟಿ ಬೇಕಾದರೆ ಇರಲಿ. ರೋಗಿಯ ಪಾಲಿನ ಮಾತು ರೋಗಿಯ ಭಾಷೆಯಲ್ಲಿರಬೇಕು.

ಈ ಕೊರತೆಯನ್ನು ತುಂಬಲು ಈಗ ಒಂದು ಸಾಧನವು ಮನೆಮನೆಯೊಳಗೂ ಬಂದು ಕುಳಿತಿದೆ. ಅಂತರ್ಜಾಲವುಳ್ಳ ಮೊಬೈಲು ದೂರವಾಣಿಯನ್ನು ನಾವು ಸಿನಿಮಾ ಹಾಡಿಗೂ ರಾಜಕೀಯದ ಜಗಳಕ್ಕೂ ಮೀಸಲಿಡಬೇಕಾಗಿಲ್ಲ. ಪರದೇಶಗಳಲ್ಲಿ ಇದರ ಪ್ರಯೋಗವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ನೋಡಿದ್ದಾರೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಮಂಡಿ ಬದಲಾಯಿಸಿಕೊಂಡ ೬೫ ಮಂದಿಯನ್ನು ಎರಡು ಪಂಗಡಮಾಡಿ, ಒಂದಕ್ಕೆ ಎದುರುಬದುರಾಗಿಯೂ ಇನ್ನೊಂದಕ್ಕೆ ಅಂತರ್ಜಾಲದ ಮೂಲಕವೂ ಆರು ವಾರ ವ್ಯಾಯಾಮ ಕಲಿಸಿದರು. ದೂರದಿಂದ ಕಲಿತವರು ಹಿಂದೆ ಬೀಳಲಿಲ್ಲವೆಂದು ೨೦೧೧ರಲ್ಲಿ ವರದಿಯಾಯಿತು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ೨೦೫ ಮಂದಿಯ ಮೇಲೆ ನಡೆದು ೨೦೧೫ರಲ್ಲಿ ಪ್ರಕಟವಾದ ಪರೀಕ್ಷೆಯೂ ಅದನ್ನೇ ಹೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಗೆ ಮುಂಚೆಯೇ ರೋಗಿಗಳನ್ನೂ ಅವರ ಜೊತೆಗಾರರನ್ನೂ ಕೂಡಿಸಿ ಪಾಠಹೇಳುವ ಪದ್ಧತಿಯುಂಟು. ಅದಕ್ಕೆ ‘ಕೀಲಿನ ಶಾಲೆ’ ಎಂದೇ ಹೆಸರು. ೨೦೨೦ರ ಕೊರೋನಾ ಕಾಲದಲ್ಲಿ ಆ ಶಾಲೆಗಳಲ್ಲಿ ಅನೇಕವು ದೂರವಾಣಿಯ ತೆರೆಗೆ ವರ್ಗವಾದವು.

ಹಾಗೆಂದು ತೆರೆಯ ಮೇಲೆ ಚಿತ್ರವೊಂದನ್ನು ಬಿಟ್ಟರೆ ಸಕಲವೂ ಸಿದ್ಧಿಸುವುದೆಂದು ನಾವು ನಂಬುವವರಲ್ಲ. ಶಸ್ತ್ರಕ್ರಿಯೆಗೆ ಮುಂಚಿನ ಬೋಧನೆಯ ಫಲವನ್ನು ಕುರಿತ ೧೮ ಪರೀಕ್ಷೆಗಳನ್ನು, ಅಂದರೆ ೧,೪೬೩ ರೋಗಿಗಳ ಲೆಕ್ಕವನ್ನು, ಕಾಕ್ರೇನ್ ಸಂಸ್ಥೆಯ ವಿಮರ್ಶಕರು ೨೦೧೪ರಲ್ಲಿ ತೂಗಿ ನೋಡಿದರು. ವಾಡಿಕೆಯ ಆರೈಕೆಗಿಂತ ಹೆಚ್ಚಿನ ಪ್ರಯೋಜನವು ಅದರಿಂದ ಖಚಿತವಾಗಿ ಕಾಣಲಿಲ್ಲವೆಂದು ಅವರು ತೀರ್ಮಾನಿಸಿದರು. ಈ ಮಾತನ್ನು ಬಚ್ಚಿಡುವುದು ನಮಗೆ ಸಲ್ಲದು. ಆದರೆ ಆ ದೇಶಗಳ ವಾಡಿಕೆಯ ಆರೈಕೆಯೆಂದರೆ ಏನೆಂಬುದನ್ನೂ ನೋಡಬೇಕು: ರೋಗಿಯ ಭಾಷೆಯಲ್ಲೇ ಅಚ್ಚಾದ ಪುಸ್ತಿಕೆ, ಮನೆಗೆ ಬರುವ ದಾದಿ, ಗೊತ್ತಾದ ದಿನ ಗೊತ್ತಾದ ವ್ಯಾಯಾಮ ಚಿಕಿತ್ಸಕ. ಹೊಟ್ಟೆ ತುಂಬಿದವನಿಗೆ ಇನ್ನೊಂದು ತುತ್ತು ಹೆಚ್ಚಾಗಲಾರದು. ಬರಿಯ ಎಲೆಯ ಮುಂದೆ ಕುಳಿತವನ ಮಾತು ಬೇರೆ. ಮತ್ತೊಂದು ಸಂಗತಿಯೂ ಗಮನಾರ್ಹ. ಕ್ವೀನ್ಸ್‌ಲೆಂಡಿನಲ್ಲಿಯೂ ಕ್ವಿಬೆಕ್ಕಿನಲ್ಲಿಯೂ ತೆರೆಯ ಆಚೆಗೆ ಒಬ್ಬ ಮನುಷ್ಯನಿದ್ದನು. ಆತನು ರೋಗಿಯ ಕಾಲನ್ನು ನೋಡುತ್ತಿದ್ದನು, ತಪ್ಪನ್ನು ತಿದ್ದುತ್ತಿದ್ದನು, ಪ್ರಶ್ನೆಗೆ ಉತ್ತರ ಕೊಡುತ್ತಿದ್ದನು.

ನಮ್ಮ ಜನರಿಗೆ ಈಗ ದೂರವಾಣಿಯಲ್ಲಿ ಸಿಗುತ್ತಿರುವುದು ಇದಲ್ಲ. ಮಂಡಿನೋವೆಂದು ಒಮ್ಮೆ ಹುಡುಕಿದವನ ಹಿಂದೆ ತೈಲದವರೂ, ಪಟ್ಟಿಯವರೂ, ಶಸ್ತ್ರಕ್ರಿಯೆಯೇ ಬೇಡವೆನ್ನುವ ಚುಚ್ಚುಮದ್ದಿನವರೂ ಬೆನ್ನುಹತ್ತುತ್ತಾರೆ. ಒಳ್ಳೆಯ ಪಾಠಗಳು ಇಲ್ಲದಿಲ್ಲ; ಅವುಗಳಲ್ಲಿ ಬಹುಪಾಲು ಇಂಗ್ಲಿಷಿನವು, ಅನ್ಯದೇಶದ ಮನೆಗಳಲ್ಲಿ ತೆಗೆದವು. ಸ್ನಾನದ ತೊಟ್ಟಿಯೊಳಗೆ ಕಾಲಿಡುವುದು ಹೇಗೆ, ಮೋಟಾರನ್ನು ಮತ್ತೆ ಎಂದು ಓಡಿಸಬಹುದು ಎಂದು ಅವು ಹೇಳುತ್ತವೆ. ಮಲೆನಾಡಿನ ಮನೆಯ ಎತ್ತರದ ಹೊಸ್ತಿಲನ್ನು ದಾಟುವುದು ಹೇಗೆ? ಹಿತ್ತಿಲ ಕೊನೆಯಲ್ಲಿರುವ ಕಕ್ಕಸಿಗೆ ಮಳೆಗಾಲದ ಪಾಚಿಯ ಮೇಲೆ ಹೋಗುವುದು ಹೇಗೆ, ಅಲ್ಲಿ ಕುಕ್ಕರುಗಾಲಿನಲ್ಲಿ ಕೂರಲಾಗದವರು ಏನನ್ನು ಇಟ್ಟುಕೊಳ್ಳಬೇಕು? ಪಂಕ್ತಿಯ ಊಟಕ್ಕೆ ಕರೆದಲ್ಲಿ ಮೇಜು ಕೇಳಲು ನಾಚುವ ಹಿರಿಯರಿಗೆ ಏನು ಹೇಳಬೇಕು? ಕುಕ್ಕರುಗಾಲಿನಲ್ಲಿ ಕೂರಲು ಮಂಡಿಯು ನೂರಮೂವತ್ತು ಡಿಗ್ರಿಯ ಸಮೀಪಕ್ಕೆ ಅಥವಾ ಅದಕ್ಕೂ ಮೇಲೆ ಮಡಿಚಬೇಕು. ಹೊಸ ಮಂಡಿಗೆ ಅದು ಸಾಮಾನ್ಯವಾಗಿ ಹೇಳಿದ ಕೆಲಸವಲ್ಲ. ಮುಂದಿನ ಸುಗ್ಗಿಗೆ ಮೆಟ್ಟುಗತ್ತಿಯ ಮುಂದೆ ಕೂರಬಹುದೇ ಎಂಬ ಹೆಂಗಸಿನ ಪ್ರಶ್ನೆಗೆ ಲಂಡನ್ನಿನ ಪಾಠದಲ್ಲಿ ಉತ್ತರವಿಲ್ಲ. ಅದು ಶಿವಮೊಗ್ಗದಲ್ಲಿಯೇ ಹುಟ್ಟಬೇಕು.

ಕನ್ನಡನಾಡಿಗೆ ಈ ಬಗೆಯ ಕೆಲಸ ಹೊಸದೆಂದೂ ಹೇಳುವಂತಿಲ್ಲ. ೨೦೦೨ರಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಕೂಡಿಸಿ, ದೂರದಿಂದ ವೈದ್ಯ ಸಲಹೆ ಕೊಡುವ ವ್ಯವಸ್ಥೆ ನಡೆಯಿತು. ೨೦೨೦ರ ಮಾರ್ಚ್ ೨೫ರಂದು ದೂರವೈದ್ಯದ ನಿಯಮಾವಳಿ ಹೊರಟು, ಏಪ್ರಿಲಿನಲ್ಲಿ ಇ–ಸಂಜೀವಿನಿಯ ಮೂಲಕ ಮನೆಯಿಂದಲೇ ವೈದ್ಯರನ್ನು ಕಾಣುವ ಮಾರ್ಗ ತೆರೆಯಿತು. ಇವೆಲ್ಲ ರೋಗಿಗೂ ವೈದ್ಯನಿಗೂ ನಡುವಿನ ಸಂಭಾಷಣೆಗೆ ಸಂಬಂಧಿಸಿದವು. ಮನೆಯವರಿಗೆ ಕಲಿಸುವ ವಿಷಯದಲ್ಲಿ ಇನ್ನೂ ಹತ್ತಿರದ ಮಾದರಿಯುಂಟು. ನೂರಾ ಹೆಲ್ತ್ ಎಂಬ ಸಂಸ್ಥೆಯು ೨೦೧೦ರ ದಶಕದಲ್ಲಿ ನಾರಾಯಣ ಆಸ್ಪತ್ರೆಗಳಲ್ಲಿ ಹೃದಯದ ರೋಗಿಗಳ ಜೊತೆಗೆ ಬಂದ ಬಂಧುಗಳನ್ನೇ ಕೂಡಿಸಿ ಆರೈಕೆಯ ಪಾಠ ಹೇಳಲು ತೊಡಗಿತು. ಮುಂದೆ ಆ ಪದ್ಧತಿಯು ಸರ್ಕಾರಿ ಆಸ್ಪತ್ರೆಗಳಿಗೂ ಹಬ್ಬಿ, ಮನೆಗೆ ಹೋದವರನ್ನು ವಾಟ್ಸ್ಆ್ಯಪಿನ ಮೂಲಕ ವಿಚಾರಿಸುವ ಕ್ರಮವೂ ಸೇರಿಕೊಂಡಿತು. ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಕಾಯುತ್ತಿರುವ ಮಗಳನ್ನು ಅಡಚಣೆಯೆಂದು ಅಟ್ಟುವುದಕ್ಕೆ ಬದಲಾಗಿ ಆಕೆಯನ್ನೇ ಶಿಷ್ಯಳನ್ನಾಗಿ ಮಾಡಿಕೊಳ್ಳುವುದು ಎಂತಹ ವಿವೇಕ! ಹೃದಯಕ್ಕೆ ಸಲ್ಲುವುದು ಮಂಡಿಗೇಕೆ ಸಲ್ಲದು?

ಆದಕಾರಣ ಶಿವಮೊಗ್ಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯವರು ಈ ಕೆಲಸಕ್ಕೆ ಮುಂದಾಗಬೇಕೆಂದು ನಾವು ಒತ್ತಾಯಿಸುತ್ತೇವೆ. ಮೂಳೆ ವಿಭಾಗದ ಅಧ್ಯಾಪಕರೂ ವ್ಯಾಯಾಮ ಚಿಕಿತ್ಸಕರೂ ಕಲೆತು, ಮೂರು ನಾಲ್ಕು ನಿಮಿಷಕ್ಕೆ ಮೀರದ ಹತ್ತು ಹನ್ನೆರಡು ಚಿತ್ರಪಾಠಗಳನ್ನು ಕನ್ನಡದಲ್ಲಿ ಸಿದ್ಧಪಡಿಸಲಿ. ಅವುಗಳನ್ನು ಸ್ಟುಡಿಯೋದಲ್ಲಿ ಬೇಡ, ತೀರ್ಥಹಳ್ಳಿಯ ಕಡೆಯ ಒಂದು ಜಗಲಿಮನೆಯಲ್ಲಿಯೂ ಭದ್ರಾವತಿಯ ಕಾರ್ಮಿಕರ ಒಂದು ವಸತಿಗೃಹದಲ್ಲಿಯೂ ತೆಗೆಯಲಿ. ಮಾತನಾಡುವವರಲ್ಲಿ ಒಬ್ಬರಾದರೂ ಹಿಂದೆ ಕೀಲು ಬದಲಾಯಿಸಿಕೊಂಡು ಈಗ ನಡೆದಾಡುತ್ತಿರುವ ರೋಗಿಯಾಗಿರಲಿ. ಅಂತಹವರ ಒಂದು ಮಾತು ಪಂಡಿತರ ಹತ್ತು ಮಾತಿಗೆ ಸಮ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಕ್ರಿಯೆಯಾದ ಕಾಲು ಮೊದಲು. ಒಂದೇ ಊರುಗೋಲಾದರೆ ಅದು ಎದುರುಕೈಯಲ್ಲಿ. ಈ ಬಗೆಯ ಮಾತುಗಳು ಗಾದೆಯಂತೆ ಬಾಯಿಪಾಠವಾಗಬೇಕು. ಪಾಠವು ಶಸ್ತ್ರಕ್ರಿಯೆಗೆ ಮೂರು ವಾರ ಮುಂಚೆಯೇ ಪ್ರಾರಂಭವಾಗಲಿ. ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರುವುದು, ಹಲ್ಲಿನ ಹುಳುಕನ್ನೂ ಕಾಲಿನ ಕಜ್ಜಿಯನ್ನೂ ವಾಸಿಮಾಡಿಕೊಳ್ಳುವುದು, ತೊಡೆಯ ಸ್ನಾಯುವನ್ನು ಬಿಗಿಹಿಡಿದು ಬಿಡುವ ಅಭ್ಯಾಸ, ಇವು ಮನೆಯಲ್ಲಿದ್ದಾಗಲೇ ಆಗಬೇಕಾದ ಕೆಲಸಗಳು.

ಚಿತ್ರಪಾಠಗಳಿಗಿಂತ ಮುಖ್ಯವಾದುದು ಉತ್ತರ ಕೊಡುವ ಮನುಷ್ಯ. ವಾರದಲ್ಲಿ ಎರಡು ದಿನ, ಗೊತ್ತಾದ ಒಂದು ಗಂಟೆ, ವ್ಯಾಯಾಮ ಚಿಕಿತ್ಸಕರೊಬ್ಬರು ದೂರವಾಣಿಯ ಮುಂದೆ ಕುಳಿತು ಆಯಾ ರೋಗಿಯ ಕಾಲನ್ನು ತೆರೆಯ ಮೇಲೆ ನೋಡಿ ತಿದ್ದಲಿ. ಮನೆಗೆ ಹೋದ ಮೂರನೆಯ, ಹತ್ತನೆಯ ಮತ್ತು ಇಪ್ಪತ್ತೊಂದನೆಯ ದಿನ ಆಸ್ಪತ್ರೆಯೇ ಕರೆಮಾಡಿ ವಿಚಾರಿಸಲಿ. ರೋಗಿಯೇ ಕರೆಯಲೆಂದು ಕಾಯುವುದು ಬೇಡ, ನಮ್ಮ ಹಿರಿಯರು ವೈದ್ಯರಿಗೆ ತೊಂದರೆ ಕೊಡಬಾರದೆಂದು ನೋವನ್ನು ನುಂಗಿಕೊಳ್ಳುವವರು. ಗಾಯವನ್ನು ಕಣ್ಣಾರೆ ನೋಡಬೇಕಾದಾಗ ಭದ್ರಾವತಿಯವರು ಅಲ್ಲಿನ ತಾಲ್ಲೂಕು ಆಸ್ಪತ್ರೆಗೆ ಹೋಗುವಂತೆಯೂ, ಅಲ್ಲಿಯವರು ಶಿವಮೊಗ್ಗದ ಶಸ್ತ್ರವೈದ್ಯರೊಡನೆ ಅಲ್ಲಿಂದಲೇ ಮಾತನಾಡುವಂತೆಯೂ ಏರ್ಪಾಡಾಗಲಿ. ರೋಗಿಗಳು ಪರಸ್ಪರ ಧೈರ್ಯ ಹೇಳಿಕೊಳ್ಳಲು ಒಂದು ಬಳಗವಿದ್ದರೂ ಒಳ್ಳೆಯದೇ. ಅದರ ಮೇಲೆ ವೈದ್ಯರ ಕಣ್ಣಿರಬೇಕು, ತೈಲ ಮಾರುವವರಿಗೆ ಅಲ್ಲಿ ಪ್ರವೇಶವಿರಬಾರದು, ಒಬ್ಬರ ಗಾಯದ ಚಿತ್ರ ಊರಿಗೆಲ್ಲ ಹರಡಬಾರದು.

ಹಳ್ಳಿಗಳಲ್ಲಿ ಸಂಕೇತವೇ ಸಿಗುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಶರಾವತಿಯ ಹಿನ್ನೀರಿನ ತುಮರಿಯ ಕಡೆಯವರು ೨೦೨೫ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೂ ಲಾಂಚನ್ನು ಕಾದು ಸಾಗರಕ್ಕೆ ಬರುತ್ತಿದ್ದವರು. ದೂರವಾಣಿಯ ಅಲೆಯು ಕಾಡಿನ ನಡುವೆ ಇನ್ನೂ ಕಣ್ಣಾಮುಚ್ಚಾಲೆ ಆಡುವ ಊರುಗಳು ಈ ಜಿಲ್ಲೆಯಲ್ಲಿವೆ. ಮನೆಗೊಂದೇ ಒಳ್ಳೆಯ ದೂರವಾಣಿಯಿದ್ದು ಅದು ಮಗನ ಜೇಬಿನಲ್ಲಿ ಬೆಂಗಳೂರಿನಲ್ಲಿರುವುದೂ ಉಂಟು. ಅಂತಹವರಿಗಾಗಿ ಪಾಠಗಳನ್ನು ಆಸ್ಪತ್ರೆಯಿಂದ ಹೊರಡುವಾಗಲೇ ಜೊತೆಗಾರರ ದೂರವಾಣಿಗೆ ತುಂಬಿಕೊಡಬಹುದು. ಚಿತ್ರಗಳುಳ್ಳ ಕನ್ನಡದ ಹಾಳೆಯೊಂದನ್ನು ಕೈಗೆ ಕೊಡಬಹುದು. ಆಶಾ ಕಾರ್ಯಕರ್ತೆಯರಿಗೆ ಅಪಾಯದ ಲಕ್ಷಣಗಳನ್ನು ಕಲಿಸಿಡಬಹುದು. ಇನ್ನು ಭದ್ರಾವತಿಯ ಆಕಾಶವಾಣಿಯುಂಟು. ೧೯೬೫ರಿಂದ ಮಲೆನಾಡಿನ ಮನೆಗಳಿಗೆ ಕೃಷಿಯ ಮಾತನ್ನೂ ವೈದ್ಯರ ಮಾತನ್ನೂ ತಲುಪಿಸಿದ ನಿಲಯವದು. ದೂರದಲ್ಲಿದ್ದವರಿಗೆ ಪಾಠ ಹೇಳುವ ಕಲೆಯನ್ನು ಅಂತರ್ಜಾಲವು ಹುಟ್ಟುವ ಮೊದಲೇ ಅಭ್ಯಾಸಮಾಡಿದವರು ಅಲ್ಲಿದ್ದರು. ವಾರಕ್ಕೊಮ್ಮೆ ಅರ್ಧ ಗಂಟೆ ಕೀಲಿನ ರೋಗಿಗಳ ಪ್ರಶ್ನೆಗಳಿಗೆ ಮೀಸಲಾದರೆ, ಒಲೆಯ ಮುಂದಿನ ಅತ್ತೆ ಸೊಸೆಯರಿಬ್ಬರೂ ಒಟ್ಟಿಗೆ ಕೇಳುತ್ತಾರೆ. ದಿಂಬನ್ನು ಎಲ್ಲಿಡಬೇಕೆಂಬ ಜಗಳವೂ ಅಲ್ಲಿಗೆ ತೀರುತ್ತದೆ.

ಖರ್ಚಿನ ಮಾತಿಗೆ ಬಂದರೆ, ಒಬ್ಬ ವ್ಯಾಯಾಮ ಚಿಕಿತ್ಸಕರ ವಾರದ ಕೆಲವು ಗಂಟೆಗಳು, ಒಂದು ದೂರವಾಣಿ, ಒಂದು ಸಲದ ಚಿತ್ರೀಕರಣ: ಇಷ್ಟಕ್ಕೆ ಬೆಂಗಳೂರಿನಿಂದ ಮಂಜೂರಾತಿ ಬರಲೆಂದು ಕಾಯಬೇಕಾದ ಪ್ರಮೇಯವೇ ಇಲ್ಲ. ಖಾಸಗಿ ಆಸ್ಪತ್ರೆಗಳವರು ಇದೇ ಪಾಠಗಳನ್ನು ತಮ್ಮ ರೋಗಿಗಳಿಗೂ ಬಳಸಿಕೊಂಡು ವೆಚ್ಚದಲ್ಲಿ ಪಾಲುಗೊಂಡರೆ ಅವರ ಗೌರವಕ್ಕೆ ಕುಂದಾಗದು. ಮೊದಲು ಒಂದು ತಿಂಗಳಲ್ಲಿ ಶಸ್ತ್ರಕ್ರಿಯೆಯಾದ ರೋಗಿಗಳಿಂದ ಪ್ರಾರಂಭಿಸಲಿ. ಆರನೆಯ ವಾರದಲ್ಲಿ ಅವರ ಮಂಡಿ ಎಷ್ಟು ಡಿಗ್ರಿ ಮಡಿಚುತ್ತದೆ, ಎಷ್ಟು ನೆಟ್ಟಗಾಗುತ್ತದೆ, ಎಷ್ಟು ಮಂದಿ ಸೋಂಕಿನಿಂದ ಮರಳಿ ಬಂದರು, ಎಷ್ಟು ಮಂದಿ ಕರೆಗೆ ಸಿಕ್ಕಲೇ ಇಲ್ಲ ಎಂಬುದನ್ನು ಬರೆದಿಟ್ಟು, ಪಾಠವಿಲ್ಲದ ಹಿಂದಿನ ತಿಂಗಳಿನ ಲೆಕ್ಕದೊಡನೆ ಹೋಲಿಸಿ, ಹೆಸರುಗಳನ್ನು ಬಿಟ್ಟು ಪ್ರಕಟಿಸಲಿ. ಫಲವು ಅನುಕೂಲವಾಗಿರಲಿ ಪ್ರತಿಕೂಲವಾಗಿರಲಿ, ಆ ಲೆಕ್ಕವನ್ನು ಅಚ್ಚುಹಾಕಲು ನಮ್ಮ ಪತ್ರಿಕೆಯಲ್ಲಿ ಸ್ಥಳವುಂಟು.